ಪಂಪ್‌ಹೌಸಿನ ದೊಡ್ಡ ಮನುಷ್ಯ

ತೊಂದರೆ ಶುರುವಾದದ್ದು ಒಂದು ಹೊಟ್ಟೆಯಿಂದ. ಅದೂ ನಿಜವಾದದ್ದಲ್ಲ, ಕಂಪ್ಯೂಟರಿನಲ್ಲಿ ಬರೆದದ್ದು.

ಬರೆದವನು ಬೆಂಡಣ್ಣ. ಹೆತ್ತವರಿಟ್ಟ ಹೆಸರು ಬೇರೆ. ಏನೇ ಅಡ್ಡ ಬಂದರೂ ಪೈಪಿಗೊಂದು ಬೆಂಡು ಹಾಕಿ ಪಕ್ಕಕ್ಕೆ ತಿರುಗಿಸಿಬಿಡುವ ಅವನ ಚಾಳಿ ನೋಡಿ ಕಚೇರಿಯವರು ಇಟ್ಟದ್ದು ಇದು. ಇಡೀ ನಗರಕ್ಕೆ ನೀರೆತ್ತುವ ಪಂಪ್‌ಹೌಸನ್ನು ಅವನು ಸಾಫ್ಟ್‌ವೇರಿನಲ್ಲಿ ಕಟ್ಟುತ್ತಿದ್ದ. ಆನೆ ನುಗ್ಗುವಷ್ಟು ದೊಡ್ಡ ಪೈಪುಗಳು ಅವನು ಹೇಳಿದಂತೆ ಕೇಳುತ್ತಿದ್ದವು. ಮನೆಯ ನಲ್ಲಿ ತೊಟ್ಟಿಕ್ಕಿದರೆ ಮಾತ್ರ ಬಟ್ಟೆ ಸುತ್ತಿ ಸುಮ್ಮನಾಗುತ್ತಿದ್ದ.

ಆ ಸಾಫ್ಟ್‌ವೇರಿನಲ್ಲಿ ಒಬ್ಬ ಗೊಂಬೆ ಮನುಷ್ಯನಿದ್ದ. ಪೈಪುಗಳ ನಡುವೆ ಆಳು ಓಡಾಡಲು ಜಾಗ ಇದೆಯೇ ಎಂದು ನೋಡಲು ಅವನನ್ನು ನಿಲ್ಲಿಸಬೇಕು. ಯಾವುದಕ್ಕಾದರೂ ತಗುಲಿದರೆ ಕೆಂಪಗಾಗುತ್ತಾನೆ. ಕಡ್ಡಿಯಂಥ ಆ ಗೊಂಬೆಗೆ ನಿನ್ನೆ ಸಂಜೆ ಬೆಂಡಣ್ಣ ಬೇಜಾರು ಕಳೆಯಲು ಕಚೇರಿಯ ಚೀಫ್ ಸಾಹೇಬರ ಹೊಟ್ಟೆ ಅಂಟಿಸಿದ. ಬೋಳುತಲೆ ಕೊಟ್ಟ, ಅವರಂತೆಯೇ ಕೈಗಳನ್ನು ಬೆನ್ನ ಹಿಂದೆ ಕಟ್ಟಿಸಿದ, ತಲೆಯ ಮೇಲೆ 'ಗುಡಾಣ' ಎಂಬ ಹೆಸರು, ಪಕ್ಕದಲ್ಲಿ ಹೊಟ್ಟೆಯ ಸುತ್ತಳತೆ ಬರೆದ. ಎರಡು ಪೈಪುಗಳ ನಡುವೆ ಸಿಕ್ಕಿಸಿ, ಒಬ್ಬನೇ ಬಿದ್ದು ಬಿದ್ದು ನಕ್ಕು, ಅಳಿಸುವುದನ್ನು ಮರೆತು ಮನೆಗೆ ಹೋದ.

ಇವತ್ತು ನೀರಿನ ಇಲಾಖೆಯ ಮೇಡಂ ವಿನ್ಯಾಸ ನೋಡಲು ಬರುವವರಿದ್ದರು. ಅವರು ಮೆಚ್ಚಿದರೆ ಬೆಂಡಣ್ಣನೇ ತಂಡದ ಮುಖ್ಯಸ್ಥ. "ಇವತ್ತಾದ್ರೂ ದೊಡ್ಡ ಮನುಷ್ಯ ಆಗಿ ಬನ್ನಿ," ಎಂದು ಹೆಂಡತಿ ಇಸ್ತ್ರಿ ಮಾಡಿದ ಅಂಗಿ ತೊಡಿಸಿ ಕಳಿಸಿದ್ದಳು. ಗುಡಾಣನ ನೆನಪಾದದ್ದು ಕಚೇರಿಯ ಮೆಟ್ಟಿಲ ಮೇಲೆ.

ಓಡಿಬಂದು ಕಂಪ್ಯೂಟರ್ ತೆರೆದರೆ ಪಂಪ್‌ಹೌಸಿಗೆ ಬೀಗ. ವಿದ್ಯುತ್ ಕೇಬಲ್‌ಗಳ ವಿನ್ಯಾಸ ಮಾಡುವ ಪಕ್ಕದ ಮೇಜಿನ ಕೇಬಲ್ ಅಕ್ಕ ಆಗಲೇ ಅದರೊಳಗಿದ್ದಳು. ಒಬ್ಬರು ಒಳಗಿದ್ದಾಗ ಇನ್ನೊಬ್ಬರು ಕೈಯಾಡಿಸುವಂತಿಲ್ಲ.

"ಅಕ್ಕಾ, ಒಂದ್ನಿಮಿಷ ಬಿಟ್ಕೊಡಿ."

"ಯಾಕಣ್ಣ, ಇನ್ನೆಲ್ಲಿ ಬೆಂಡ್ ಹಾಕ್ಬೇಕು?"

"ಅಕ್ಕ, ಪ್ರಾಣ ಹೋಗೋ ವಿಷಯ!"

ಇಷ್ಟು ಹೇಳಿದ ಮೇಲೆ ನೋಡದೆ ಬಿಡುವ ಜೀವವೇ ಅದು? ಮೂಲೆಮೂಲೆ ಹುಡುಕಿದ ಅಕ್ಕನಿಗೆ ಗುಡಾಣ ಸಿಕ್ಕ. ಅವಳು ನಕ್ಕ ರಭಸಕ್ಕೆ ಕುರ್ಚಿ ಹಿಂದಕ್ಕೆ ಉರುಳಿತು, ಇಡೀ ಕಚೇರಿ ಬಂದು ಮುತ್ತಿಕೊಂಡಿತು.

"ತೊಟ್ಟಿಗೆ ತಳ್ಬಿಡಪ್ಪ, ಮುಳುಗ್ಲಿ," ಎಂದ ಒಬ್ಬ.

"ಆ ಹೊಟ್ಟೆ ಎಲ್ಲಿ ಮುಳುಗತ್ತೆ? ತೇಲತ್ತೆ," ಎಂದ ಇನ್ನೊಬ್ಬ.

ಅಂತೂ ಅಕ್ಕ ಹೊರಬಂದಳು, ಬೀಗ ಬಿಟ್ಟಿತು. ಹೆಗಲ ಮೇಲೆ ಅಷ್ಟೂ ಜನರ ಉಸಿರು. ಅವಸರದಲ್ಲಿ ಬೆಂಡಣ್ಣ ಅಳಿಸುವ ಬದಲು ನಕಲು ಮಾಡುವ ಗುಂಡಿ ಒತ್ತಿದ. ಪಂಪಿಗೊಬ್ಬರಂತೆ ಗುಡಾಣರು ಸಾಲಾಗಿ ಎದ್ದು ನಿಂತು, ಒಬ್ಬೊಬ್ಬರಾಗಿ ಕೆಂಪಗಾದರು. ಕಂಪ್ಯೂಟರ್ ಅಲ್ಲೇ ಸ್ತಬ್ಧ. ಮುತ್ತಿಕೊಂಡಿದ್ದವರು ಕ್ಷಣದಲ್ಲಿ ತಮ್ಮ ತಮ್ಮ ಜಾಗ ಸೇರಿ ಕೆಲಸದಲ್ಲಿ ಮುಳುಗಿಹೋದರು. ಯಾಕೆಂದರೆ ಬಾಗಿಲಲ್ಲಿ ಚೀಫ್ ಸಾಹೇಬರು, "ಬನ್ನಿ ಮೇಡಂ," ಎನ್ನುತ್ತಿದ್ದರು.

ಸ್ತಬ್ಧವಾಗಿದ್ದ ಆ ಚಿತ್ರವೇ ಗೋಡೆಯ ದೊಡ್ಡ ಪರದೆಯ ಮೇಲೂ ಬೆಳಗಿತು. ಚೀಫ್ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನೋಡಿದರು. ಪರದೆಯ ಗುಡಾಣರೂ ಕೈಕಟ್ಟಿ ಅವರನ್ನು ನೋಡಿದರು.

"ಇವರೆಲ್ಲ ಯಾರು?" ಮೇಡಂ ಕೇಳಿದರು.

ಬೆಂಡಣ್ಣನ ಬಾಯಿಂದ ಬೆಂಡು ತಾನಾಗಿಯೇ ಹೊರಟಿತು. "ನಾನೇ ಮೇಡಂ! ನನ್ನದೇ ಅಳತೆ. ನಿಜವಾದ ಮನುಷ್ಯ ಸಿಕ್ಕಿಹಾಕ್ಕೊಳ್ತಾನಾ ಅಂತ ಪರೀಕ್ಷೆ."

"ನಿಮ್ಗೆ ಯಾವಾಗ್ರೀ ತಲೆ ಬೋಳಾಯ್ತು?" ಎಂದರು ಚೀಫ್.

"ಅದು... ಹೆಲ್ಮೆಟ್ ಸಾರ್."

ಮೇಡಂ ಮುಖ ಅರಳಿತು. "ಭೇಷ್! ಪಂಪ್ ನಡೆಸೋ ನಮ್ಮವರು ಯಾರೂ ಕಡ್ಡಿ ಹಾಗಿಲ್ಲ. ಇಷ್ಟು ವರ್ಷದಲ್ಲಿ ಇದನ್ನ ಯೋಚನೆ ಮಾಡಿದೋರು ನೀವೊಬ್ರೇ."

ಮುಖ್ಯಸ್ಥನ ಕುರ್ಚಿ ಬೆಂಡಣ್ಣನ ಕಣ್ಣ ಮುಂದೆ ಬಂದು ನಿಂತಿತು.

"ಹಾಗಾದ್ರೆ ಅಳತೆ ಸರಿ ಇದ್ಯಾ ನೋಡೇ ಬಿಡೋಣ," ಎಂದು ಚೀಫ್ ನಿಧಾನವಾಗಿ ಟೇಪು ತರಿಸಿದರು.

ಅಳತೆ ಕಡಿಮೆ ಬಂದರೆ ಸುಳ್ಳು ಬಯಲಾಗಿ ಚೀಫ್ ಬೆಂಡೆತ್ತುವುದು ಖಂಡಿತ. ಬೆಂಡಣ್ಣ ಉಸಿರೆಳೆದು, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಹೊಟ್ಟೆ ಉಬ್ಬಿಸಿದ. ಅಂಗಿಯ ಗುಂಡಿಯೊಂದು ಕಿತ್ತು ಕೇಬಲ್ ಅಕ್ಕನ ಮೇಜಿಗೆ ಹಾರಿತು. ಚೀಫ್ ಟೇಪು ಓದಿ ಹುಬ್ಬೇರಿಸಿದರು.

"ಗೊಂಬೆಗಿಂತ ಜಾಸ್ತಿ ಇದೆ. ಉಬ್ಬಿಸ್ಬೇಡ್ರಿ, ಉಸಿರು ಬಿಡಿ."

ಬಿಟ್ಟ.

"ಈಗ್ಲೂ ಜಾಸ್ತಿನೇ ಇದೆ!"

ಬೆಂಡಣ್ಣ ಬಗ್ಗಿ ನೋಡಿದ. ಟೇಪು ಕಾಣಲಿಲ್ಲ, ಹೊಟ್ಟೆ ಅಡ್ಡ ಇತ್ತು. ಪಾಪ, ಇಷ್ಟು ದಿನ ಅವನು ಚೀಫರ ಹೊಟ್ಟೆ ನೋಡಿಕೊಂಡೇ ಬದುಕಿದ್ದ. ಅವನಿಗೆ ನಿಜಕ್ಕೂ ನಾಚಿಕೆಯಾಯಿತು.

ಚೀಫ್ ಅದೇ ಟೇಪನ್ನು ತಮ್ಮ ಹೊಟ್ಟೆಗೂ ಸುತ್ತಿಕೊಂಡು, ಓದಿ, ಮಗುವಿನಂತೆ ನಕ್ಕರು. "ನಂದು ಗುಡಾಣಕ್ಕಿಂತ ಕಮ್ಮಿ ಕಣ್ರೀ!"

ಹೆಸರು ಹೇಳಿದರು! ಅಂದರೆ ಪರದೆಯಲ್ಲಿ ಅದನ್ನು ಓದಿಯೂ ಆಗಿತ್ತು.

ತೀರ್ಮಾನ ಅಲ್ಲೇ ಆಯಿತು. ಪಂಪ್‌ಹೌಸಿನ ಅಷ್ಟೂ ದಾರಿಗಳನ್ನು ಬೆಂಡಣ್ಣನ ಅಳತೆಗೆ ಅಗಲ ಮಾಡಬೇಕು. ಎಂದರೆ ಎಲ್ಲವನ್ನೂ ಮೊದಲಿನಿಂದ ಬರೆಯಬೇಕು. ಬರೆಯುವವನು ಬೆಂಡಣ್ಣ. ಇನ್ನು ಕಟ್ಟುವ ಪ್ರತಿ ಪಂಪ್‌ಹೌಸಿಗೂ ಅವನು ಖುದ್ದಾಗಿ ಹೋಗಿ, ಪೈಪುಗಳ ನಡುವೆ ನುಸುಳಿ ತೋರಿಸಬೇಕು. ಅಷ್ಟು ಓಡಾಟವಿರುವವನಿಗೆ ಮುಖ್ಯಸ್ಥನ ಕುರ್ಚಿ ಯಾಕೆ? ಅದು ಕೇಬಲ್ ಅಕ್ಕನಿಗೆ ಹೋಯಿತು. ಅಕ್ಕ ಕುಳಿತ ತಕ್ಷಣ ಮಾಡಿದ ಮೊದಲ ಕೆಲಸ, ಗೊಂಬೆಯ ಹೆಸರನ್ನು 'ಬೆಂಡಣ್ಣ' ಎಂದು ತಿದ್ದಿದ್ದು.

ಸಂಜೆ ಹೆಂಡತಿಯ ಫೋನು ಬಂತು. "ಏನ್ರೀ, ದೊಡ್ಡ ಮನುಷ್ಯ ಆದ್ರಾ?"

ಬೆಂಡಣ್ಣ ಗುಂಡಿ ಕಿತ್ತು ಬಿಚ್ಚಿಕೊಂಡ ಅಂಗಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡ.

"ಆಗೇ ಇದ್ದೆ ಕಣೇ. ಇವತ್ತು ಟೇಪ್ ಹಿಡಿದು ತೋರಿಸಿದ್ರು."