ಎರಡನೇ ಅಧ್ಯಾಯದಿಂದ ಶುರುವಾದ ಕಾದಂಬರಿ

ನಮ್ಮ ಮನೆಯಲ್ಲೊಬ್ಬ ಕಾದಂಬರಿಕಾರ್ತಿ ಇದ್ದಳು. ಆಕೆಯ ಕಾದಂಬರಿಯನ್ನು ಓದುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅದರಲ್ಲಿ ತನ್ನ ಬಗ್ಗೆ ಏನು ಬರೆದಿದ್ದಾಳೋ ಎಂದು ತಿಳಿಯದೆ ಉಂಡ ಅನ್ನ ಯಾರಿಗೂ ಅರಗುತ್ತಲೂ ಇರಲಿಲ್ಲ! ಯಾವ ಲೇಖಕಿಗೆ ಸಿಕ್ಕಾರು ಇಂಥ ಓದುಗರು?

ಆಕೆ ನಮ್ಮ ದೊಡ್ಡಪ್ಪನ ಮಗಳು. ಸಿರುಗುಪ್ಪದಲ್ಲಿ ನಮ್ಮದು ಕೂಡುಮನೆ. ಎಪ್ಪತ್ತರ ದಶಕದ ಕೊನೆಯ ಮಾತಿದು. ಅಕ್ಕನಿಗೆ ಹದಿನಾರು, ನನಗೆ ಹದಿಮೂರು. ಅಕ್ಕನಿಗಿದ್ದದ್ದು, ಈಗಿನವರು ಆಟಿಸಂ ಅನ್ನುತ್ತಾರಲ್ಲ, ಅದು. ಆಗ ಅದಕ್ಕೊಂದು ಹೆಸರಿದೆ ಎಂದು ನಮಗ್ಯಾರಿಗೂ ತಿಳಿದಿರಲಿಲ್ಲ. ಓಣಿಯವರು ಮಾತ್ರ ತಾವೇ ಒಂದು ಇಟ್ಟಿದ್ದರು: "ಆ ಹುಡುಗಿ ಒಂಥರಾ."

ಒಂಥರಾ ಅಂದರೆ ಹೇಗೆ? ಬಂದ ನೆಂಟರು "ಆರಾಮ ಅದೀಯೇನವ್ವ?" ಎಂದರೆ ನಾವೆಲ್ಲ "ಹ್ಞೂಂ" ಅನ್ನುತ್ತೇವೆ. ಅಕ್ಕ ಎರಡು ನಿಮಿಷ ಗೋಡೆ ನೋಡುತ್ತ ಯೋಚಿಸಿ, "ಎಡಗಾಲಿನ ಹಿಮ್ಮಡಿ ಒಡದೈತಿ. ಉಳಿದದ್ದೆಲ್ಲ ಆರಾಮ" ಎನ್ನುತ್ತಿದ್ದಳು. ಅಷ್ಟರಲ್ಲಿ ನೆಂಟರು ಅರ್ಧ ಚಹಾ ಮುಗಿಸಿರುತ್ತಿದ್ದರು.

ಸದ್ದು ಎಂದರೆ ಆಕೆಗೆ ಆಗದು. ಅಕ್ಕಿ ಗಿರಣಿಯ ಸೈರನ್ ಕೂಗುವುದಕ್ಕೆ ಸರಿಯಾಗಿ ಒಂದು ನಿಮಿಷ ಮೊದಲೇ ಎರಡೂ ಕಿವಿ ಮುಚ್ಚಿ ಮೂಲೆಯಲ್ಲಿ ಕೂರುತ್ತಿದ್ದಳು. ಹೇಗೆ ತಿಳಿಯುತ್ತಿತ್ತೋ! ನಮ್ಮ ಅಜ್ಜಿಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. "ಹುಡುಗಿ ಕಿವಿ ಮುಚ್ಚಿದ್ಳು, ಅನ್ನಕ್ಕಿಡ್ರಿ" ಎಂದು ಒಳಗೆ ಕೂಗಿದರೆ ಮುಗಿಯಿತು.

ಕಾದಂಬರಿಯ ಪೀಡೆ ಅಂಟಿದ್ದು ಊರಿನ ವಾಚನಾಲಯದಿಂದ. ನಾನು ತಂದ ಪುಸ್ತಕಗಳನ್ನೆಲ್ಲ ಓದಿದಳು, ಓದಿ ಸಿಟ್ಟಾದಳು.

"'ಆಕೆಯ ಹೃದಯ ಒಡೆದು ಚೂರಾಯಿತು' ಅಂತ ಬರದಾರ. ಮುಂದಿನ ಹಾಳ್ಯಾಗ ಚಹಾ ಕುಡೀತಾಳ. ಹೆಂಗ?"

"ಅದು ಹಂಗಲ್ಲಕ್ಕ. ಸುಮ್ನ ಹಂಗ ಬರೀತಾರ."

"ಸುಮ್ನ ಬರದದ್ದಕ್ಕ ಸುಳ್ಳು ಅಂತಾರ. ನಾನು ಖರೇ ಕಾದಂಬರಿ ಬರೀತೀನಿ. ನಾನು ಕಂಡದ್ದು, ಕೇಳಿದ್ದು, ಅಷ್ಟ."

ಆ ಕ್ಷಣದಿಂದ ಮನೆಯ ನೆಮ್ಮದಿ ಹೋಯಿತು. ಇನ್ನೂರು ಪುಟದ ನೋಟ್ ಪುಸ್ತಕ ಹಿಡಿದು ಆಕೆ ಎಲ್ಲಿ ಬೇಕೆಂದರಲ್ಲಿ ಕೂರುವಳು. ಅತ್ತೆಯ ಮೇಲೆ ಚಾಡಿ ಹೇಳಲು ಬಂದ ಪಕ್ಕದ ಮನೆಯಾಕೆ, ಪೆನ್ನು ಕಂಡದ್ದೇ "ನಮ್ಮತ್ತಿ ದೇವರಂಥಾಕಿ" ಎಂದು ಎದ್ದು ಹೋದಳು! ಬೀಡಿ ಬಿಟ್ಟು ಆರು ತಿಂಗಳಾಯಿತೆಂದು ಸಾರಿಕೊಂಡಿದ್ದ ದೊಡ್ಡಪ್ಪ ಹಿತ್ತಲಿಗೆ ಹೋಗುವಾಗ ಮೂರು ಸಲ ಹಿಂದೆ ತಿರುಗಿ ನೋಡುತ್ತಿದ್ದ. ನಾನು? ನನಗೂ ಎದೆಯೊಳಗೆ ಒಂದು ಮುಳ್ಳಿತ್ತು. ಹೇಳುತ್ತೇನೆ, ತಾಳಿ.

ಒಂದು ದಿನ ಬೆಳಿಗ್ಗೆ "ಹೋಗಿ ಬರ್ತೀನಿ" ಎಂದು ಅಜ್ಜಿಗೆ ಹೇಳಿ ಅಕ್ಕ ಹೊರಟಳು. ಶಾಲೆಗೇ ಇರಬೇಕೆಂದು ಅಜ್ಜಿ ತಿಳಿದಳು. ನಾನು ಶಾಲೆಗೆ ಹೋಗಿ ನೋಡಿದರೆ ಆಕೆಯಿಲ್ಲ. ಓಡಿ ಬಂದೆ. ಓಣಿ, ಬಾವಿ, ಗಿರಣಿಯ ಹಿಂದಿನ ಹೊಟ್ಟಿನ ಗುಡ್ಡೆ, ಎಲ್ಲೂ ಇಲ್ಲ. ಲಾರಿ ಹಾರ್ನ್ ಹೊಡೆದರೆ ನಡುರಸ್ತೆಯಲ್ಲೇ ಮುದುಡಿ ಕೂರುವ ಹುಡುಗಿ! ಕೇಳಿದವರಿಗೆ ಹೆಸರು ಸಹ ಹೇಳುತ್ತಾಳೋ ಇಲ್ಲವೋ. ದೊಡ್ಡವ್ವ ಹೊಸ್ತಿಲ ಮೇಲೆ ಕುಸಿದಳು. ಗಿರಣಿಯಲ್ಲಿ ಗುಮಾಸ್ತನಾಗಿದ್ದ ದೊಡ್ಡಪ್ಪ ಲೆಕ್ಕ ಬರೆಯುವ ಪೆನ್ನು ಕಿವಿಗೆ ಸಿಕ್ಕಿಸಿಕೊಂಡೇ ಓಡಿ ಬಂದ. ನಮ್ಮಪ್ಪ, ಅವ್ವ ಆ ವಾರ ಮೋಕಾ ಊರಿನ ನೆಂಟರ ಮನೆಯಲ್ಲಿದ್ದರು.

"ಆ ಕಾದಂಬರಿ ತಗಿ. ಏನರ ಬರದಿರ್ತಾಳ" ಎಂದ ದೊಡ್ಡಪ್ಪ. ಬರೆದು ತುಂಬಿಸಿದ ಪುಸ್ತಕ ಹಾಸಿಗೆಯ ಕೆಳಗಿತ್ತು. ಅವನ ಕನ್ನಡಕ ಗಿರಣಿಯಲ್ಲೇ ಉಳಿದಿತ್ತು. ನನ್ನ ಕೈಗೆ ಕೊಟ್ಟ. "ಗಟ್ಟಿಯಾಗಿ ಓದು."

ಮೊದಲಿನ ಹತ್ತು ಪುಟ ಖಾಲಿ. ಹನ್ನೊಂದನೇ ಪುಟದ ಮೇಲೆ ಬರೆದಿತ್ತು: ಎರಡನೇ ಅಧ್ಯಾಯ. ನಾನು ಓದಿದೆ.

"ಅಪ್ಪ ಬೀಡಿ ಬಿಟ್ಟಾನ. ಹಿತ್ತಲದಾಗ ಬೇವಿನ ಗಿಡದ ಹಿಂದ ಹೊಗಿ ಬರ್ತೈತಿ. ಬೇವಿನ ಗಿಡ ಬೀಡಿ ಸೇದಂಗಿಲ್ಲ."

ಬೇರೆ ದಿನವಾಗಿದ್ದರೆ ನಗುತ್ತಿದ್ದೆವು. ಆವತ್ತು ದೊಡ್ಡಪ್ಪ "ಹ್ಞೂಂ, ಮುಂದ" ಎಂದ. ಮುಂದೆ ಓದಿದರೆ ನನ್ನ ಮುಳ್ಳು!

"ತಂಗಿ ಸಾಲಿಗೆ ಹೋಗುವಾಗ ನನ್ನಿಂದ ಹತ್ತು ಹೆಜ್ಜಿ ಹಿಂದ ಬರ್ತಾಳ. ಆಕಿ ಗೆಳತ್ಯಾರು ಇಲ್ಲದಾಗ ಜೋಡಿ ಬರ್ತಾಳ. ನನಗ ಜೋಡಿ ಬಂದಾಗ ಚಲೋ ಅನಸ್ತೈತಿ."

ಯಾರೂ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಕಣ್ಣೊರೆಸಿಕೊಂಡು ಕೊನೆಯ ಪುಟ ತೆಗೆದೆ.

"ನಾನು ಹುಟ್ಟಿದ್ದನ್ನ ನಾನು ನೋಡಿಲ್ಲ. ಅದಕ್ಕ ಒಂದನೇ ಅಧ್ಯಾಯ ಬರದಿಲ್ಲ. ಹೆರಿಗಿ ಹೊತ್ತಿನಾಗ ಅವ್ವ ಧೈರ್ಯ ಬಿಟ್ಟಳು, ನನ್ನ ಉಸಿರು ಕಟ್ಟಿ ತಲಿಗೆ ಏರಿತು, ಅದಕ್ಕ ನಾ ಹಿಂಗ ಅಂತ ಅಜ್ಜಿ ಹೇಳ್ತಾಳ. ಅಜ್ಜಿ ಅಲ್ಲಿದ್ದಿಲ್ಲ. ಅವ್ವಗ ಎಚ್ಚರ ಇದ್ದಿಲ್ಲ. ನೋಡಿದಾಕಿ ಕುರುಗೋಡಿನ ಸೂಲಗಿತ್ತಿ. ಇವತ್ತು ಹೋಗಿ ಕೇಳ್ತೀನಿ."

ಕುರುಗೋಡು ದೊಡ್ಡವ್ವನ ತವರೂರು. ಹೋಗಬೇಕೆಂದರೆ ಬಳ್ಳಾರಿಗೆ ಹೋಗಿ ಬಸ್ಸು ಬದಲಿಸಬೇಕು. ಬಳ್ಳಾರಿ ಬಸ್ ನಿಲ್ದಾಣ! ಆ ಗದ್ದಲದಲ್ಲಿ ನೆಟ್ಟಗಿದ್ದವರ ತಲೆಯೇ ಕೆಡುತ್ತದೆ. ಅಜ್ಜಿ ತಲೆ ತಗ್ಗಿಸಿ ಒಳಗೆ ಹೋದಳು. ನಾವು ಮೂವರೂ ಸಿಕ್ಕ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ರಸ್ತೆಯ ಬದಿಯಲ್ಲಿ ಬಿದ್ದ ಗೋಣಿಚೀಲ ಕಂಡರೂ ದೊಡ್ಡವ್ವ ಕಿಟಕಿಯಿಂದ ಬಗ್ಗಿ ನೋಡುತ್ತಿದ್ದಳು.

ಬಳ್ಳಾರಿಯಲ್ಲಿ ಪೇರಲ ಹಣ್ಣು ಮಾರುವವಳೊಬ್ಬಳನ್ನು ಕೇಳಿದೆವು. "ಆ ಅಮ್ಮಾಯಿನಾ? ನಿಮ್ ಹುಡುಗೀನಾ ಅದು?" ಎಂದು ಆಕೆ ನಗತೊಡಗಿದಳು. "ಬಸ್ಸು ಕುರುಗೋಡಿಗೆ ಹೋಗ್ತೈತೇನ್ರಿ ಅಂತ ಕಂಡಕ್ಟರನ ಕೇಳಿದ್ಳು. ಅವ 'ದೇವರು ನಡಸಿದ್ರ ಹೋಗ್ತೈತವ್ವ' ಅಂದ. ಈಕಿ ಮುಂದಕ್ಕ ಹೋಗಿ ಸೀಟಿನಾಗ ಕುಂತವ ಡ್ರೈವರೋ ದೇವರೋ ನೋಡಿ ಬಂದ ಮ್ಯಾಲನ ಹತ್ತಿದ್ಳು!"

ದೊಡ್ಡಪ್ಪ ನಕ್ಕನೋ ಅತ್ತನೋ ತಿಳಿಯಲಿಲ್ಲ.

ಕುರುಗೋಡಿನಲ್ಲಿ ಬಸ್ಸಿಳಿದು ದೊಡ್ಡವ್ವ ಓಡಿದ ಓಟಕ್ಕೆ ನಾನು ಹಿಂದೆ ಬಿದ್ದೆ. ಗುಡ್ಡದ ಬುಡದ ಓಣಿಯಲ್ಲಿ ಸೂಲಗಿತ್ತಿಯ ಮನೆ. ಕಟ್ಟೆಯ ಮೇಲೆ ಎಂಬತ್ತು ದಾಟಿದ ಮುದುಕಿ; ಎದುರಿಗೆ ಚಕ್ಕಂಬಕ್ಕಳ ಹಾಕಿಕೊಂಡು, ಎರಡೂ ಕಿವಿಗೆ ಹತ್ತಿ ತುರುಕಿಕೊಂಡು, ಹೊಸ ಪುಸ್ತಕ ತೆರೆದು ಕೂತಿದ್ದಾಳೆ ನಮ್ಮ ಕಾದಂಬರಿಕಾರ್ತಿ! ಹತ್ತಿಯಿಂದಾಗಿ ಪ್ರಶ್ನೆಗಳೆಲ್ಲ ಓಣಿಗೆ ಕೇಳುವಷ್ಟು ಜೋರು.

"ಲೇ..." ಎಂದು ದೊಡ್ಡಪ್ಪ ಕೈಯೆತ್ತಿದ.

"ಸುಮ್ಕ ಕುಂದ್ರಪ್ಪ," ಮುದುಕಿ ಗದರಿದಳು. "ಹುಡುಗಿ ಬರಕೊಳ್ಳಾಕತ್ತೈತಿ, ಕಾಣಂಗಿಲ್ಲೇನು?"

ದೊಡ್ಡಪ್ಪ ಕೂತ. ನಾವೂ ಕೂತೆವು.

"ನನ್ನ ಉಸಿರು ಕಟ್ಟಿತ್ತೇನು?" ಅಕ್ಕ ಕೇಳಿದಳು.

"ಯಾರಂದ್ರು? ಬಂದ ಕೂಡಲೆ ಉಸಿರಾಡಿದಿ. ಅಳಲಿಲ್ಲ, ಅಷ್ಟ. ಕಂದೀಲು ನೋಡ್ಕೊಂತ ಇದ್ದಿ. ನೂರಾರು ಹೆರಿಗಿ ಮಾಡಿಸಿ ಮರ್ತೀನಿ ನಾನು. ಹಂಗ ದೀಪ ನೋಡಿದ ಕೂಸು ನೀನೊಬ್ಬಾಕಿ, ಅದಕ್ಕ ಮರ್ತಿಲ್ಲ."

"ಅವ್ವ ಧೈರ್ಯ ಬಿಟ್ಟಳೇನು?"

"ನಿಮ್ಮವ್ವಾ? ಎರಡು ದಿನ ನೋವು ತಿಂದ್ಳು. ನೀ ಹುಟ್ಟಿ, ಹೆಣ್ಣೋ ಗಂಡೋ ಕೇಳಿ, ಆಮ್ಯಾಲ ಎಚ್ಚರ ತಪ್ಪಿದ್ಳು. ಅಂಥ ಗಟ್ಟಿ ಹೆಣ್ಣುಮಗಳನ್ನ ನಾ ಕಂಡಿಲ್ಲ."

"ಹಂಗಾದ್ರ ನಾನು ಯಾಕ ಹಿಂಗ?"

ಮುದುಕಿ ಆಕೆಯನ್ನು ಮೇಲಿಂದ ಕೆಳಗೆ ನೋಡಿದಳು. "ಹಿಂಗ ಅಂದ್ರ ಹೆಂಗವ್ವ? ಬಂದಾಗ ಹೆಂಗಿದ್ದೆಲಾ, ಹಂಗ ಅದಿ."

ಅಕ್ಕ ಬಹಳ ಹೊತ್ತು ಬರೆದಳು. ಆಮೇಲೆ ಹಾಳೆಯ ಕೆಳಗೆ ಇನ್ನೊಂದು ಸಾಲು ಬರೆದು, ಗಟ್ಟಿಯಾಗಿ ಓದಿ, ಅದರಡಿ ಸ್ಕೇಲು ಇಟ್ಟು ಗೆರೆ ಎಳೆದಳು: "ಅವ್ವನ ತಪ್ಪು ಏನೂ ಇಲ್ಲ."

ದೊಡ್ಡವ್ವ ಅಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ಮುದುಕಿಯ ಕಾಲು ಮುಟ್ಟಿ ಎದ್ದಳು, ಅಷ್ಟೇ.

ಬಸ್ಸಿಗೆ ಇನ್ನೂ ಹೊತ್ತಿತ್ತು. ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಬಿಸಿ ಎಣ್ಣೆಗೆ ಮಿರ್ಚಿ ಬಿಡುತ್ತಿದ್ದರು. ದೊಡ್ಡಪ್ಪ ಮೂರು ಪ್ಲೇಟು ಒಗ್ಗರಣೆ ಮಂಡಕ್ಕಿ, ಮಿರ್ಚಿ ಹೇಳಿದ. ದೊಡ್ಡವ್ವನಿಗೆ ಹೇಳಲಿಲ್ಲ. ಸೋಮವಾರ ಆಕೆ ಏನೂ ಬಾಯಿಗೆ ಹಾಕುತ್ತಿರಲಿಲ್ಲ. ಅಕ್ಕ ಎಳೆಗೂಸಾಗಿದ್ದಾಗಿನಿಂದ ಹಿಡಿದ ಉಪವಾಸ. ಶಿವಭಕ್ತಿ ಎಂದೇ ನಾವೆಲ್ಲ ತಿಳಿದಿದ್ದೆವು.

"ನನಗೂ ಒಂದು ಹೇಳ್ರಿ" ಎಂದಳು ದೊಡ್ಡವ್ವ.

ದೊಡ್ಡಪ್ಪ ಆಕೆಯ ಮುಖ ನೋಡಿದ. ಇಷ್ಟು ವರ್ಷ ಹೆಂಡತಿ ತೀರಿಸುತ್ತಿದ್ದದ್ದು ಹರಕೆಯಲ್ಲ, ತನಗೆ ತಾನೇ ವಿಧಿಸಿಕೊಂಡ ಶಿಕ್ಷೆ ಎಂದು ಅವನಿಗೆ ಆಗ ಹೊಳೆದಿರಬೇಕು. ಎದ್ದು, ಆಕೆಯ ಪ್ಲೇಟನ್ನು ತಾನೇ ತಂದು ಮುಂದಿಟ್ಟ.

ಅಕ್ಕ ಪುಸ್ತಕದಿಂದ ತಲೆ ಎತ್ತಿದಳು. "ಅವ್ವಾ, ಇವತ್ತು ಸೋಮವಾರ."

"ಗೊತ್ತೈತವ್ವ." ದೊಡ್ಡವ್ವ ಮಿರ್ಚಿ ಮುರಿದು, ಊದಿ, ಬಾಯಿಗಿಟ್ಟುಕೊಂಡಳು. "ಅದನ್ನೂ ಬರಕೋ."