ಗಣಿತದ ಟೀಚರಿಗೆ ಚಪ್ಪಲಿ

ನಮ್ಮತ್ತೆಯ ಕೈಯಿಂದ ಉಡುಗೊರೆ ಪಡೆಯುವುದಕ್ಕೆ ಗಟ್ಟಿ ಗುಂಡಿಗೆ ಬೇಕು. ತಮಾಷೆಯಲ್ಲ! ನನ್ನ ಅಪ್ಪನ ಅಕ್ಕ, ಉಡುಪಿ ಕಡೆಯವರು, ಆರು ವರ್ಷದಿಂದ ಮುಂಬಯಿಯ ವಿಕ್ರೋಳಿಯಲ್ಲಿರುವ ನಮ್ಮ ಪುಟ್ಟ ಫ್ಲ್ಯಾಟಿನಲ್ಲಿ ಯಜಮಾನಿಕೆ ನಡೆಸುತ್ತಿರುವವರು. ದೀಪಾವಳಿ ರಜೆಗೆ ಮುಂಚೆ ನನ್ನ ಮಗಳ ಟೀಚರುಗಳಿಗೆ ಉಡುಗೊರೆ ಆರಿಸುವ ಖಾತೆಯೂ ಅವರದ್ದೇ. ನಾವು ಕೊಟ್ಟದ್ದಲ್ಲ, ಅವರೇ ಕಿತ್ತುಕೊಂಡದ್ದು.

ಉಳಿದ ಮಕ್ಕಳೆಲ್ಲ ಒಂದು ಮಗ್ಗೋ ಪೆನ್ನೋ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಅತ್ತೆಗೆ ಅದು ಆಗಿಬರುವುದಿಲ್ಲ.

“ಆ ಟೀಚರಿಗೆ ಎಷ್ಟು ಬಾಯಿ ಉಂಟು ಮಾರಾಯ, ನಲ್ವತ್ತು ಮಗ್ಗಿನಲ್ಲಿ ಚಾ ಕುಡಿಲಿಕ್ಕೆ?”

ಅವರಿಗೆ ಏನು ಬೇಕೋ ಅದನ್ನೇ ಕೊಡಬೇಕಂತೆ. ಆದರೆ ಕೇಳಬಾರದು, ಪತ್ತೆ ಹಚ್ಚಬೇಕು! ಹೋದ ವರ್ಷ ಕ್ಲಾಸ್ ಟೀಚರು ಗೇಟಿನ ಹತ್ತಿರ ಫೋನಿನಲ್ಲಿ, ಕುಕ್ಕರು ಸೀಟಿ ಹೊಡೆಯುತ್ತಿಲ್ಲವೆಂದು ಯಾರಲ್ಲೋ ಗೋಳು ಹೇಳಿಕೊಂಡರು. ಕೇಳಿಸಿಕೊಂಡದ್ದೇ ತಡ, ಅತ್ತೆ ಕುಕ್ಕರಿನ ಒಂದು ರಬ್ಬರ್ ಗ್ಯಾಸ್ಕೆಟ್ ತಂದು, ಬಂಗಾರದ ಬಣ್ಣದ ಕಾಗದ ಸುತ್ತಿ, ರಿಬ್ಬನ್ ಕಟ್ಟಿ ಕೊಟ್ಟುಬಂದರು. ಆ ಟೀಚರು ಅದನ್ನು ತಿರುಗಿಸಿ ಮುರುಗಿಸಿ, ಇದು ಯಾವ ಊರಿನ ಸರ ಎಂದು ವಿಚಾರಿಸಿದರಂತೆ. ಸದಾ ಸೀನುವ ಡ್ರಾಯಿಂಗ್ ಸರ್‌ಗೆ ಕಷಾಯದ ಪುಡಿ. ಅದೂ, ಕುದಿಸುವ ಕ್ರಮವನ್ನು ಅವರು ಮೂರು ಸಲ ಒಪ್ಪಿಸಿದ ಮೇಲೆಯೇ ಕೈಗೆ!

ಈ ವರ್ಷದ ಸರದಿ ಗಣಿತದ ಟೀಚರದ್ದು. ಅವರ ನೆರಳು ಕಂಡರೆ ಆರನೇ ಕ್ಲಾಸಿಗೆ ಆರನೇ ಕ್ಲಾಸೇ ಗಡಗಡ.

“ಹಿಮ್ಮಡಿ ಹತ್ರ ಚಪ್ಪಲಿ ಸವೆದು ನೆಲ ಕಾಣ್ತದೆ,” ಎಂದರು ಅತ್ತೆ. “ಇಡೀ ದಿನ ನಿಂತು ಪಾಠ ಮಾಡುವ ಹೆಂಗಸು. ಚಪ್ಪಲಿ ಕೊಡುವ.”

ಚಪ್ಪಲಿ! ಟೀಚರಿಗೆ! ಬರೀ ತೋರಿಸಿದರೇ ಜಗಳವಾಗುವ ವಸ್ತುವನ್ನು ಡಬ್ಬದಲ್ಲಿಟ್ಟು ಕೊಡುವುದೇ? ಮಗಳು ಅಳುತ್ತಾ ನನ್ನ ಹತ್ತಿರ ಓಡಿಬಂದಳು.

“ಪಪ್ಪಾ, ಅಜ್ಜಿ ಕೋ ಸಮಝಾವೋ ನಾ! ಮ್ಯಾಮ್ ಮುಝೆ ಪೂರಾ ಸಾಲ್ ಖಡಾ ರಖೇಂಗಿ!” ವರ್ಷವಿಡೀ ನಿಲ್ಲಿಸಿಯೇ ಇಡುತ್ತಾರಂತೆ!

“ಅತ್ತೆ, ಪೆನ್ನು ಕೊಡುವ,” ಎಂದೆ.

“ಪೆನ್ನು ಕಾಲಿಗೆ ಹಾಕ್ಲಿಕ್ಕೆ ಆಗ್ತದಾ?”

ಇದಕ್ಕೆ ನಿಮ್ಮಲ್ಲಿ ಉತ್ತರವಿದ್ದರೆ ದಯವಿಟ್ಟು ತಿಳಿಸಿ.

ಇನ್ನು ಅಳತೆ? ಪೇರೆಂಟ್ಸ್ ಮೀಟಿಂಗಿನಲ್ಲಿ ಟೀಚರು ಮಗಳ ಭಿನ್ನರಾಶಿಯ ದುರವಸ್ಥೆಯನ್ನು ವಿವರಿಸುತ್ತಿದ್ದಾಗ ಅತ್ತೆ ಸೊಂಟದ ಚಾವಿ ಬೀಳಿಸಿ, ದಾರ ಹಿಡಿದು ಮೇಜಿನ ಅಡಿಗೆ ನುಗ್ಗಿದರು. ಟೀಚರು ಬೆಚ್ಚಿ ಕಾಲೆತ್ತಿದರು.

“ಕುಛ್ ನಹೀಂ ಟೀಚರ್, ಚಾವಿ ಗಿರ್ ಗಯಾ. ಪಾಂವ್ ನೀಚೆ ರಖೋ!”

ಕಾಲು ಕೆಳಗಿಡಬೇಕೆಂದು ಮೇಜಿನ ಅಡಿಯಿಂದ ಟೀಚರಿಗೇ ಅಪ್ಪಣೆ! ನಾನು ಸೀಲಿಂಗ್ ಫ್ಯಾನು ನೋಡುತ್ತಾ ಕೂತೆ.

ಆ ದಾರ ಹಿಡಿದು ಅತ್ತೆ ದಾದರಿನ ಪೇಟೆಗೆ ಹೋದರು. ತಂದ ಚಪ್ಪಲಿಯ ಅಟ್ಟೆ ಗಟ್ಟಿಯಾಯಿತೆಂದು ಮರುದಿನ ಪುನಃ ಲೋಕಲ್ ರೈಲು ಹತ್ತಿ ಹೋಗಿ ಬದಲಾಯಿಸಿ ತಂದರು. ಮಗಳು ಡಬ್ಬವನ್ನು ಟೀಚರ ಮೇಜಿನ ಮೇಲಿಟ್ಟು ಓಡಿಬಂದಳು. ಸಂಜೆಯೇ ನನ್ನ ಫೋನಿಗೆ ಟೀಚರ ಮೆಸೇಜು: ನಾಳೆ ಅಜ್ಜಿಯನ್ನು ಕರೆದುಕೊಂಡು ಬನ್ನಿ.

ಮಗಳು ಊಟ ಬಿಟ್ಟಳು. ನಾನು ಕ್ಷಮೆ ಕೇಳುವ ಹಿಂದಿ ವಾಕ್ಯಗಳನ್ನು ಉರುಹೊಡೆದೆ. ಅತ್ತೆ ಮಾತ್ರ ಇಸ್ತ್ರಿ ಸೀರೆ ಉಟ್ಟು ಯುದ್ಧಸನ್ನದ್ಧರಾಗಿ ಹೊರಟರು. “ಬೈದ್ರೆ ಬೈಲಿ ಮಾರಾಯ. ಅಳತೆ ಸರಿ ಆಗಿದ್ರೆ ಸಾಕು.”

ಟೀಚರು ಬಾಗಿಲಿನಲ್ಲೇ ನಿಂತಿದ್ದರು. ಕಾಲಲ್ಲಿ ಹೊಸ ಚಪ್ಪಲಿ! “ಆಜಿ, ಬರಾಬರ್ ಬಸ್ತೇ,” ಎಂದರು. ಸರಿಯಾಗಿ ಕೂರುತ್ತದಂತೆ! ಬಗ್ಗಿ ಅತ್ತೆಯ ಕಾಲು ಮುಟ್ಟಿದರು. ಮುಟ್ಟಿದ ಕೈ ಅಲ್ಲೇ ನಿಂತಿತು.

“ಆಜಿ, ಯೇ ತೋ ಟೂಟಾ ಹುವಾ ಹೈ.”

ಅತ್ತೆಯ ಎಡಗಾಲಿನ ಚಪ್ಪಲಿಯ ಪಟ್ಟಿ ಕಿತ್ತುಹೋಗಿತ್ತು. ಅದನ್ನು ಒಂದು ಸೇಫ್ಟಿ ಪಿನ್ನು ಹಿಡಿದಿಟ್ಟಿತ್ತು. ಅತ್ತೆ ಸೀರೆಯ ಅಂಚು ಕೆಳಗೆ ಜಗ್ಗಿದರು.

“ಮೈ ಕಹಾಂ ಜಾತಾ ಹೈ ಟೀಚರ್, ಘರ್ ಮೇಂ ಹೀ ರಹತಾ ಹೈ.”

ಎಲ್ಲಿಗೂ ಹೋಗದೆ ಮನೆಯಲ್ಲೇ ಇರುವವರಂತೆ! ಒಂದೇ ವಾರದಲ್ಲಿ ಎರಡು ಸಲ ದಾದರ್ ಸ್ಟೇಷನ್ನಿನ ಬ್ರಿಡ್ಜ್ ಹತ್ತಿಳಿದವರು! ನನಗೆ ಅಲ್ಲಿ ತಲೆ ಎತ್ತಲಾಗಲಿಲ್ಲ. ಆರು ವರ್ಷ ಒಂದೇ ಸೂರಿನಡಿ ಇದ್ದೂ ನಾನು ಆ ಪಾದಗಳನ್ನು ನೋಡಿರಲೇ ಇಲ್ಲ.

ಹೊರಗೆ ಬಂದು ಕೇಳಿದೆ: “ಅತ್ತೆ, ನಿಮ್ಮ ಚಪ್ಪಲಿ ನಂಬರ್ ಎಷ್ಟು?”

ಎಲ್ಲದಕ್ಕೂ ತಟ್ಟನೆ ಉತ್ತರ ಕೊಡುವ ಹೆಂಗಸು ರಸ್ತೆಯಲ್ಲೇ ನಿಂತುಬಿಟ್ಟರು.

“ಗೊತ್ತಿಲ್ಲ ಮಗಾ,” ಎಂದರು. “ಇಷ್ಟರವರೆಗೆ ಯಾರೂ ಕೇಳ್ಲಿಲ್ಲ.”