ಅತ್ತೆಯ ಲಾರಿಯೂ ಅಳಿಯನ ತರ್ಕವೂ

ಕೆಟ್ಟು ನಿಂತ ಸಮಾಜವನ್ನೂ ಕೆಟ್ಟು ನಿಂತ ಲಾರಿಯನ್ನೂ ಮುಂದಕ್ಕೆ ತಳ್ಳಲು ಬೇಕಾದದ್ದು ಒಂದೇ: ಸ್ಪಷ್ಟವಾದ ವಿಚಾರ. ಕಾಲೇಜಿನಲ್ಲಿ ಮೂರು ವರ್ಷ ಸತತವಾಗಿ ಚರ್ಚಾಸ್ಪರ್ಧೆಯ ಪಾರಿತೋಷಕ ಗೆದ್ದವನಿಗೆ ವಿಚಾರದ ಕೊರತೆ ಇರಲು ಸಾಧ್ಯವೇ? ಸಮಾಜವನ್ನು ಇಪ್ಪತ್ತು ವರ್ಷಗಳಿಂದ ತಳ್ಳುತ್ತಲೇ ಇದ್ದೇನೆ, ಅದಿನ್ನೂ ಅಲುಗಿಲ್ಲ. ಲಾರಿಯಾದರೂ ಅಲುಗುತ್ತದೆ ಎಂದು ನಂಬಿದ್ದೆ.

ಲಾರಿ ನಮ್ಮ ಅತ್ತೆ ರುದ್ರಮ್ಮನವರದು. ಕುರುಗೋಡಿನ ಅವರ ಮನೆಯ ಹಿತ್ತಲಲ್ಲಿ, ಬೇವಿನ ಮರದ ಕೆಳಗೆ ಹನ್ನೆರಡು ವರ್ಷಗಳಿಂದ ನಿಂತಿತ್ತು. ದುಂಡು ಮೂಗಿನ, ಮರದ ಬಾಡಿಯ, ವಯಸ್ಸಿನಲ್ಲಿ ನನಗಿಂತ ಹಿರಿಯದಾದ ಲಾರಿ. ಸಿರುಗುಪ್ಪದ ಭತ್ತವನ್ನು ವರ್ಷಾನುವರ್ಷ ಬಳ್ಳಾರಿಗೆ ಹೊತ್ತದ್ದು ಇದೇ. ಓಡಿಸುತ್ತಿದ್ದವರು ಮಾವನವರು. ಕ್ಲೀನರ್ ಸಿಗದ ಒಂದು ಸುಗ್ಗಿಯಲ್ಲಿ ಪಕ್ಕದ ಸೀಟಿಗೆ ಹತ್ತಿದ ಅತ್ತೆ, ಮಾವನವರು ತೀರಿಕೊಳ್ಳುವವರೆಗೂ ಇಳಿಯಲೇ ಇಲ್ಲ.

ಈಗ ನನ್ನ ಭಾವಮೈದುನ ಮಲ್ಲೇಶಿಗೆ ಆ ಜಾಗದಲ್ಲಿ ದನದ ಕೊಟ್ಟಿಗೆ ಬೇಕಿತ್ತು. ಬಳ್ಳಾರಿಯ ಬ್ರೂಸ್‌ಪೇಟೆಯ ಗುಜರಿಯವನಿಗೆ ಮುಂದಿನ ತಿಂಗಳ ಎರಡನೇ ಸೋಮವಾರ ಬಾ ಎಂದು ಹೇಳಿಯೂ ಬಿಟ್ಟಿದ್ದ.

"ನಿಂತರ ಅದು ಗುಜರಿ, ಓಡಿದ್ರ ಗಾಡಿ" ಎಂದ ಮಲ್ಲೇಶಿ. "ಆ ಸೋಮವಾರದೊಳಗ ಎಫ್‌ಸಿ ಮಾಡಿಸ್ಕೊಂಡು ಬಂದು ನಿಲ್ಲಸ್ರಿ. ಕೊಟಗಿ ನಾ ಬ್ಯಾರೆ ಕಡಿ ಕಟ್ತೀನಿ."

ಎಫ್‌ಸಿ ಎಂದರೆ ವಾಹನವು ರಸ್ತೆಗೆ ಯೋಗ್ಯವೆಂಬ ಸರ್ಕಾರಿ ಪ್ರಮಾಣಪತ್ರ. ಅತ್ತೆ ಎದ್ದು ಹೋಗಿ ಬಾನೆಟ್ಟಿನ ಮೇಲೆ ಬಿದ್ದಿದ್ದ ಬೇವಿನೆಲೆಗಳನ್ನು ಸೆರಗಿನಿಂದ ಒರೆಸಿದರು. ಅದನ್ನು ಕಂಡು ನನ್ನೊಳಗಿನ ಸುಧಾರಕ ಎದ್ದು ನಿಂತ.

"ಅತ್ತಿ, ಈ ಜವಾಬ್ದಾರಿ ನಂದು!"

ನನ್ನ ಹೆಂಡತಿ ಗಿರಿಜೆ ಹಣೆ ಚಚ್ಚಿಕೊಂಡಳು. "ಮಿಕ್ಸರ್ ರಿಪೇರಿ ಮಾಡಾಕ ಹೋಗಿ ಓಣಿಗೆಲ್ಲ ಕರೆಂಟ್ ತಗದಾವ್ರು ನೀವು!"

"ಅದೊಂದು ಆಕಸ್ಮಿಕ ಘಟನೆ. ಒಂದು ಘಟನೆಯನ್ನು ಸಾರ್ವತ್ರಿಕ ನಿಯಮವೆಂದು ಮಂಡಿಸುವುದು ತರ್ಕದೋಷ."

"ಅವ್ವಾ, ಶುರು ಆತು ನೋಡು ಪುಸ್ತಕದ ಮಾತು."

ಪುಸ್ತಕವನ್ನೇ ತಂದೆ! ಹಳೆಯ ಪುಸ್ತಕದಂಗಡಿಯಲ್ಲಿ ಆ ಮಾದರಿಯ ಲಾರಿಯ ಕೈಪಿಡಿ ಸಿಕ್ಕಿತು. ಒಂದನೇ ಅಧ್ಯಾಯ: ಚಾಲಕನ ಆಸನವನ್ನು ಪರಿಶೀಲಿಸುವುದು. ಆಸನದ ಮೇಲೆ ಪಕ್ಕದ ಮನೆಯ ಕೋಳಿ ಕಾವಿಗೆ ಕುಳಿತಿತ್ತು. ಸಾರ್ವಜನಿಕ ಹಿತದ ಮುಂದೆ ಖಾಸಗಿ ಹಕ್ಕು ಗೌಣ ಎಂಬುದನ್ನು ಅದಕ್ಕೆ ಸೌಮ್ಯವಾಗಿ ತಿಳಿಸಿ ಕೈ ಚಾಚಿದೆ. ಕೋಳಿ ಪ್ರತಿವಾದ ಹೂಡಲಿಲ್ಲ. ಕುಕ್ಕಿತು.

ಕಟ್ಟೆಯ ಮೇಲೆ ಕುಳಿತಿದ್ದ ಅತ್ತೆ ಅಂದರು: "ಅಳಿಯಂದ್ರ, ಮೊದ್ಲು ಡೀಸೆಲ್ ಟ್ಯಾಂಕ್ ತೊಳೀರಿ."

"ಅದು ಒಂಬತ್ತನೇ ಅಧ್ಯಾಯದಾಗ ಬರ್ತೈತಿ ಅತ್ತಿ. ನಾವಿನ್ನೂ ಒಂದನೇದ್ರಾಗ ಅದೀವಿ. ನೀವು ವಿಶ್ರಾಂತಿ ತೊಗೊಳ್ರಿ."

ಹಿಂದಿನ ವಾರವಷ್ಟೇ ಸಿರುಗುಪ್ಪದ ಒಂದು ಸಭೆಯಲ್ಲಿ 'ಮಹಿಳೆಯ ಅನುಭವಜ್ಞಾನಕ್ಕೆ ಮನ್ನಣೆ' ಎಂಬ ವಿಷಯದ ಮೇಲೆ ಮಾತಾಡಿ ದೀರ್ಘ ಕರತಾಡನ ಪಡೆದ ಮಹನೀಯರು ಯಾರು? ನಾನೇ!

ಒಂದು ವಾರದಲ್ಲಿ ಇಂಜಿನ್ನೊಂದನ್ನು ಬಿಟ್ಟು ಬಿಚ್ಚಬಹುದಾದುದನ್ನೆಲ್ಲ ಬಿಚ್ಚಿ ಹಿತ್ತಲ ತುಂಬ ಹರಡಿದೆ. ಬಿಚ್ಚುವ ಕಾರ್ಯದಲ್ಲಿ ನಾನು ಸಂಪೂರ್ಣ ಯಶಸ್ವಿಯಾದೆನೆಂದು ವಿನಯಪೂರ್ವಕವಾಗಿ ದಾಖಲಿಸುತ್ತೇನೆ. ಜೋಡಿಸುವ ಅಧ್ಯಾಯವನ್ನು ಗೆದ್ದಲು ತಿಂದಿತ್ತು.

ಎಂಟನೆಯ ದಿನ ಅತ್ತೆ ನನ್ನನ್ನು ಕೇಳದೆ ಬಸ್ಸು ಹತ್ತಿ ಬಳ್ಳಾರಿಗೆ ಹೋಗಿ ಖಾಜಾ ಮೇಸ್ತ್ರಿಯನ್ನು ಕರೆದುಕೊಂಡು ಬಂದರು. ಮಾವನವರ ಕಾಲದಿಂದಲೂ ಈ ಲಾರಿಯ ನಾಡಿ ನೋಡಿದವನು. ಅವನು ಲಾರಿಯ ಮುಂದೆ ಹ್ಯಾಂಡಲ್ ಹಾಕಿ ಒಂದು ಸುತ್ತು ತಿರುಗಿಸಿದ. ಇಂಜಿನ್ ಬೆಣ್ಣೆಯಂತೆ ತಿರುಗಿತು. ಮೇಸ್ತ್ರಿ ಬೆರಗಾಗಿ ನಿಂತ.

"ಹನ್ನೆರಡು ವರ್ಷ ನಿಂತ ಇಂಜಿನ್ ಜಾಮ್ ಆಗಿಲ್ಲಂದ್ರ! ಯಾರು ತಿರುಗಿಸ್ತಿದ್ರಿದನ್ನ?"

"ನಾನ. ಅಮಾಸಿಗೊಮ್ಮೆ ಎರಡು ಸುತ್ತು" ಎಂದರು ಅತ್ತೆ. "ಮನಷ್ಯಾರಿಗೂ ಹಂಗ ಅಲ್ಲೇನು? ಕುಂತಲ್ಲೇ ಕುಂತ್ರ ಕೀಲು ಹಿಡೀತಾವ."

ಖಾಜಾ ಮೇಸ್ತ್ರಿ ಎಣ್ಣೆಗೈಯನ್ನು ಎದೆಗಿಟ್ಟು ಸಲಾಂ ಮಾಡಿದ. "ಅಮ್ಮಾ, ಈ ಗಾಡಿಗೆ ಮೇಸ್ತ್ರಿ ನೀವು. ನಾ ಬರೇ ನಟ್ ಬಿಚ್ಚಾಕ ಪಾನಾ ಹಿಡಿಯಾವ."

"ಹಾಗಾದರೆ ನಾನು?" ಎಂದೆ.

"ನೀವು ಆ ಪುಸ್ತಕ ಹಿಡೀರಿ ಸರ. ಎರಡೂ ಕೈಲೆ ಹಿಡೀರಿ."

ಮುಂದಿನ ಎರಡು ವಾರ ನಾನು ಕಂಡದ್ದನ್ನು ಯಾವ ವೇದಿಕೆಯಲ್ಲೂ ಕಂಡಿಲ್ಲ. ನಾನು ಬಿಚ್ಚಿದ್ದನ್ನೆಲ್ಲ ಇಬ್ಬರೂ ಸೇರಿ ಜೋಡಿಸಿದರು, ಟ್ಯಾಂಕ್ ತೊಳೆದರು. ಬ್ರೇಕು, ದೀಪ, ವೈರು, ಟೈರು ಎಲ್ಲವೂ ಹೊಸದಾದವು. ಇಂಜಿನ್ ಕೆಮ್ಮಿ ಕೆಮ್ಮಿ ಎದ್ದಾಗ ಅತ್ತೆ ಕಣ್ಣು ಮುಚ್ಚಿ ಕೇಳಿ, "ಮೂರನೇದಕ್ಕ ಉಸಿರು ಕಟ್ಟೈತಿ ಖಾಜಾ" ಎಂದರು. ಮೇಸ್ತ್ರಿ ಮೂರನೆಯ ಸಿಲಿಂಡರಿನ ನಾಝಲ್ ಬಿಚ್ಚಿದ. ಮಸಿ ಕಟ್ಟಿಕೊಂಡಿತ್ತು! ನಾನು ಕೈಪಿಡಿಯಲ್ಲಿ ಹುಡುಕಿದೆ. ಕಿವಿಯ ಬಗ್ಗೆ ಅದರಲ್ಲಿ ಒಂದು ವಾಕ್ಯವೂ ಇರಲಿಲ್ಲ.

ಲಾರಿಯನ್ನು ಬಳ್ಳಾರಿಯ ಆರ್‌ಟಿಒ ಕಚೇರಿಗೆ ತಪಾಸಣೆಗೆ ಒಯ್ಯುವ ದಿನ ಬಂತು. ಶುಕ್ರವಾರ. ಮರುದಿನ ಎರಡನೇ ಶನಿವಾರ, ಕಚೇರಿಗೆ ರಜೆ. ಆಮೇಲೆ ಭಾನುವಾರ. ಆಮೇಲೆ ಗುಜರಿ. ಖಾಜಾ ಮೇಸ್ತ್ರಿ ಬೇರೆ ಕೆಲಸವಿದ್ದುದರಿಂದ, ನೇರವಾಗಿ ಕಚೇರಿಗೇ ಬರುತ್ತೇನೆ, ಯಾರಾದರೂ ಡ್ರೈವರ್ ಕೈಲಿ ಗಾಡಿ ತರಿಸಿರಿ ಎಂದು ಹೇಳಿ ಕಳಿಸಿದ. ಡ್ರೈವರ್ ಏಕೆ? ಹದಿನೆಂಟನೆಯ ವಯಸ್ಸಿನಲ್ಲೇ ಟ್ರ್ಯಾಕ್ಟರ್ ಓಡಿಸಿದವನು ನಾನು. ಸ್ಟೀರಿಂಗ್ ಹಿಡಿದೆ. ಅತ್ತೆ ತಮ್ಮ ಹಳೆಯ ಸೀಟಿಗೆ ಹತ್ತಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಳಿತರು.

"ಅಳಿಯಂದ್ರ, ಡೀಸೆಲ್ ಹಾಕಸ್ರಿ."

"ಕೈಪಿಡಿ ಪ್ರಕಾರ ಲೆಕ್ಕ ಹಾಕೇನಿ ಅತ್ತಿ. ಇರೋದು ಬಳ್ಳಾರಿಗೆ ಸಾಕು."

ಕೈಪಿಡಿಯ ಲೆಕ್ಕ ಹೊಸ ಲಾರಿಯದು. ನಮ್ಮ ಲಾರಿ ಕೋಳೂರು ಕ್ರಾಸಿನ ಹತ್ತಿರ ನಿಂತಿತು.

ಯಾರದೋ ಬೈಕಿನ ಹಿಂದೆ ಕುಳಿತು ಬಂಕಿಗೆ ಹೋಗಿ, ಕ್ಯಾನಿನಲ್ಲಿ ಡೀಸೆಲ್ ತಂದು ಸುರಿದೆ. ಚಾವಿ ತಿರುಗಿಸಿದೆ. ಗರಗರ ಎಂದಿತು, ಹೊತ್ತಲಿಲ್ಲ. ಅತ್ತೆ ಕಿವಿಗೊಟ್ಟು ಕೇಳಿದರು.

"ಖಾಲಿ ಆಗಿತ್ತಲ್ಲ, ಹವಾ ಹೊಕ್ಕೈತಿ. ಹವಾ ತಗದ್ರ ತಾನ ಏಳತೈತಿ. ಆ ಟ್ರ್ಯಾಕ್ಟರಿನವ್ರ ಹತ್ರ ಸಣ್ಣ ಪಾನಾ ಐತೇನೋ ಕೇಳ್ಕೊಂಡು ಬರ್ತೀನಿ" ಎಂದು ಗದ್ದೆಯ ಕಡೆ ನಡೆದರು.

ನಾನು ಲಾರಿಗೆ ಒರಗಿ ಆತ್ಮಾವಲೋಕನ ಮಾಡಿಕೊಂಡೆ. ಈ ತಾಯಿಯ ಮಾತನ್ನು ಎಷ್ಟು ಸಲ ತಳ್ಳಿಹಾಕಿದೆ! ಇನ್ನು ವಾದವಿಲ್ಲ, ಪ್ರಶ್ನೆಯಿಲ್ಲ. ಹವಾ ತೆಗೆಯಬೇಕು ಎಂದರಲ್ಲವೇ? ಅವರು ಬರುವಷ್ಟರಲ್ಲಿ ತೆಗೆದೇ ಇಡುತ್ತೇನೆ!

ಬಳ್ಳಾರಿ ಸೀಮೆಯಲ್ಲಿ ಹವಾ ಎಲ್ಲಿರುತ್ತದೆ? ಟೈರಿನಲ್ಲಿ. ಪ್ರತಿ ಪಂಕ್ಚರ್ ಅಂಗಡಿಯ ಬೋರ್ಡೂ ಇದಕ್ಕೆ ಸಾಕ್ಷಿ. ಡೀಸೆಲ್ ಮುಗಿದರೆ ಟೈರಿನ ಹವಾ ಏಕೆ ತೆಗೆಯಬೇಕು ಎಂಬುದು ನನಗೆ ತಿಳಿಯಲಿಲ್ಲ, ನಿಜ. ಆದರೆ ಕಾರಣ ಕೇಳದೆ ನಡೆಯುವುದೇ ಅಲ್ಲವೇ ಶ್ರದ್ಧೆ? ಮುಂದಿನ ಎರಡು, ಹಿಂದಿನ ನಾಲ್ಕು, ಯಾವುದಕ್ಕೂ ಪಕ್ಷಪಾತ ಮಾಡದೆ ಇಕ್ಕಳ ಹಿಡಿದು ವಾಲ್ವ್ ಬಿಚ್ಚಿದೆ. ಲಾರಿ ಸುಸ್ಸೆಂದು ನಿಟ್ಟುಸಿರಿಟ್ಟು, ಆನೆ ಮಂಡಿಯೂರಿದಂತೆ ಕುಳಿತಿತು.

ಅತ್ತೆ ಪಾನಾ ಹಿಡಿದು ಬಂದವರು ಅಲ್ಲೇ ನಿಂತರು.

"ಅಳಿಯಂದ್ರ, ಇದೇನಾತ್ರೀ?"

"ಹವಾ ತಗದೆ ಅತ್ತಿ. ಆರಕ್ಕಾರೂ!"

"ಯಾರು ಹೇಳಿದ್ರು?"

"ನೀವ!"

ಅವರು ಲಾರಿ ನೋಡಿದರು. ನನ್ನನ್ನು ನೋಡಿದರು. ಮೈಲಿಗಲ್ಲಿನ ಮೇಲೆ ಕುಳಿತು, ಕಣ್ಣಲ್ಲಿ ನೀರು ಬರುವಂತೆ ನಕ್ಕರು. "ನಾ ಹೇಳಿದ್ದು ಡೀಸೆಲ್ ಪೈಪಿನ್ಯಾಗಿನ ಹವಾರೀ! ಶಿವನೇ, ಒಂದಿನ ನನ್ನ ಮಾತು ಕೇಳ್ಯಾರ, ಅದೂ ಹಿಂಗ!"

ಮುಂದಿನದನ್ನು ಅವರೇ ಮಾಡಿದರು. ಪೈಪಿನ ತಿರುಪು ಸಡಿಲಿಸಿ, ಕೈಪಂಪು ಒತ್ತಲು ನನಗೆ ಹೇಳಿದರು. ಮೊದಲು ನೊರೆ ಬಂತು, ಆಮೇಲೆ ಬರೀ ಡೀಸೆಲ್. ತಿರುಪು ಬಿಗಿದು ಚಾವಿ ತಿರುಗಿಸಿದರು. ಒಂದೇ ಸಲಕ್ಕೆ ಹೊತ್ತಿತು! ಆರೂ ಚಕ್ರ ನೆಲಕಚ್ಚಿದ ಲಾರಿಯೊಂದು ಅಷ್ಟು ಗಂಭೀರವಾಗಿ ಗುಡುಗುವುದನ್ನು ನೋಡಲು ಎರಡು ಬಸ್ಸುಗಳು ನಿಂತವು. ಆಟೋದಲ್ಲಿ ಹವಾ ಮಷಿನ್ ತರಿಸಿ, ಟೈರುಗಳನ್ನು ಎಬ್ಬಿಸಿ ಬಳ್ಳಾರಿ ತಲುಪುವಾಗ ಕಚೇರಿ ಮುಚ್ಚಲು ಅರ್ಧ ಗಂಟೆ ಇತ್ತು. ದಾರಿಯುದ್ದಕ್ಕೂ ಅತ್ತೆಯ ಒಂದು ಕೈ ಲಾರಿಯ ಬಾಗಿಲನ್ನು ಬಿಗಿಯಾಗಿ ಹಿಡಿದಿತ್ತು.

ಗೇಟಿನಲ್ಲಿ ಖಾಜಾ ಮೇಸ್ತ್ರಿಯೂ ಬಸ್ಸಿನಲ್ಲಿ ಮೊದಲೇ ಬಂದಿದ್ದ ಗಿರಿಜೆಯೂ ಕಾದಿದ್ದರು. ಜನ ಬ್ರೇಕ್ ಇನ್‌ಸ್ಪೆಕ್ಟರ್ ಎಂದು ಕರೆಯುವ ಅಧಿಕಾರಿ, ಕನ್ನಡಕ ಹಾಕಿದ ಹೆಣ್ಣುಮಗಳು, ಲಾರಿಯ ಮುಂದೆ ಬಂದು ನಿಂತರು. ನನಗೆ ವೇದಿಕೆ ಸಿಕ್ಕಂತಾಯಿತು.

"ಮಾನ್ಯರೇ, ಯಾವ ದಾಕ್ಷಿಣ್ಯವನ್ನೂ ತೋರಬಾರದು! ನಿಯಮದ ಪ್ರತಿಯೊಂದು ಅಕ್ಷರವೂ..."

"ಸ್ವಲ್ಪ ಸರೀರಿ ಸರ, ಹೆಡ್‌ಲೈಟ್ ಕಾಣವಲ್ದು."

ದೀಪ, ಹಾರ್ನು, ವೈಪರ್ ನೋಡಿದರು. ಮೇಸ್ತ್ರಿಯನ್ನು ಹತ್ತಿಸಿ ಓಡಿಸಿ ಬ್ರೇಕ್ ಹಾಕಿಸಿದರು. ಲಾರಿ ಹೇಳಿದಲ್ಲಿ ನಿಂತಿತು. ಅಡಿಯಲ್ಲಿ ಬಗ್ಗಿ ಬಹಳ ಹೊತ್ತು ನೋಡಿದರು. ಎದ್ದು ಕೈ ಒರೆಸಿಕೊಂಡು ಅತ್ತೆಯ ಕಡೆ ತಿರುಗಿದರು.

"ಅಮ್ಮಾರ, ಹಳೇ ಗಾಡಿ ಭಾಳ ನೋಡೇನಿ. ಹಿಂಗ ಜ್ವಾಪಾನ ಮಾಡಿದ್ದು ನೋಡಿಲ್ಲ. ಪಾಸ್."

ಅತ್ತೆ ಲಾರಿಯ ಮೂಗಿನ ಮೇಲೆ ಕೈ ಇಟ್ಟು ನಿಂತರು. ಗಿರಿಜೆ ಕಣ್ಣೊರೆಸಿಕೊಂಡಳು. ನಾನೂ ಒಂದು ಸಮಾರೋಪ ಭಾಷಣಕ್ಕೆ ಗಂಟಲು ಸರಿಮಾಡಿಕೊಂಡೆ.

"ನಿಯಮದ ಪ್ರತಿ ಅಕ್ಷರ ಅಂದ್ರಲ್ಲ ಸರ" ಎಂದರು ಇನ್‌ಸ್ಪೆಕ್ಟರ್. "ಗಾಡಿ ತಂದಾವ್ರು ನೀವ. ನಿಮ್ಮ ಲೈಸೆನ್ಸ್ ತೋರಸ್ರಿ."

ಕೊಟ್ಟೆ.

"ಇದು ಕಾರಿಂದು."

ಹತ್ತಾರು ಕಾಲೇಜುಗಳಲ್ಲಿ ‘ಪರವಾನಗಿ ಇಲ್ಲದ ಚಾಲನೆ ಸಮಾಜದ್ರೋಹ’ ಎಂದು ಗುಡುಗಿದ ನಾಲಿಗೆ ಆಗ ಹೇಳಿದ್ದು ಇಷ್ಟು: "ಸ್ಟೀರಿಂಗ್... ಎರಡರಲ್ಲೂ ದುಂಡಗೇ ಇರುತ್ತದಲ್ಲ ಮೇಡಂ?"

ದಂಡದ ರಸೀದಿ ಬರೆದರು. ಪಾಸಾದದ್ದು ಲಾರಿ. ಫೇಲಾದವನು ನಾನು!

ಭಾರಿ ವಾಹನದ ಲೈಸೆನ್ಸ್ ಇದ್ದ ಖಾಜಾ ಮೇಸ್ತ್ರಿ ಸ್ಟೀರಿಂಗ್ ಹಿಡಿದ. ಪಕ್ಕದಲ್ಲಿ ಅತ್ತೆ, ಅವರ ಪಕ್ಕದಲ್ಲಿ ಗಿರಿಜೆ. ಕ್ಯಾಬಿನ್ ತುಂಬಿತು. "ಹಿಂದ ಹತ್ತರಿ" ಎಂದ ಮೇಸ್ತ್ರಿ. ಸರಕು ಲಾರಿಯ ಹಿಂದೆ ಜನರನ್ನು ಸಾಗಿಸುವುದರ ವಿರುದ್ಧ ಎರಡು ಕರಪತ್ರ ಬರೆದವನು ನಾನು. ಇನ್‌ಸ್ಪೆಕ್ಟರ್ ಬೇರೆ ನೋಡುತ್ತ ನಿಂತಿದ್ದರು. ನನ್ನ ಸ್ಕೂಟರ್ ಕುರುಗೋಡಿನಲ್ಲಿತ್ತು. ಬಸ್ಸು ಹಿಡಿದೆ. ಸೀಟು ಸಿಗಲಿಲ್ಲ.

ಊರು ದಾಟಿ ಸ್ವಲ್ಪ ದೂರ ಹೋದಾಗ ಹಿಂದಿನಿಂದ ಗಂಭೀರವಾದ ಹಾರ್ನ್ ಕೇಳಿಸಿತು. ನಮ್ಮ ಬಸ್ಸು ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು. ಬಂಕಿನಲ್ಲಿ ಡೀಸೆಲ್ ತುಂಬಿಸಲು ಹಿಂದುಳಿದಿದ್ದ ದುಂಡು ಮೂಗಿನ ಲಾರಿ ಮದುವೆಯ ಆನೆಯಂತೆ ನಮ್ಮನ್ನು ದಾಟಿತು. ಇಡೀ ಬಸ್ಸು ಕಿಟಕಿಗೆ ಬಾಗಿತು.

"ಏನ್ ಗಾಡೀರೀ ಅದು!" ಎಂದರು ನನ್ನ ಪಕ್ಕ ನಿಂತಿದ್ದ ರುಮಾಲಿನ ಯಜಮಾನರು. "ಒಳಗ ರಾಣಿ ಹಂಗ ಕುಂತಾರಲ್ಲ, ಯಾರವ್ರು?"

ಹೆಮ್ಮೆ ತಡೆಯಲಾಗಲಿಲ್ಲ. "ನಮ್ಮ ಅತ್ತೀರಿ. ಬಾಜೂಕ ಇರಾಕಿ ನನ್ನ ಹೆಂಡ್ತಿ. ಲಾರಿನೂ ನಮ್ಮದ!"

ಯಜಮಾನರು ಲಾರಿಯನ್ನು ನೋಡಿದರು. ಕಂಬಿ ಹಿಡಿದು ಜೋಲಾಡುತ್ತಿದ್ದ ನನ್ನನ್ನು ನೋಡಿದರು. ದನಿ ತಗ್ಗಿಸಿ ಕೇಳಿದರು:

"ಮನ್ಯಾಗ ಏನರ ಜಗಳ ಏನು?"

ಹೌದೆಂದೆ. ನಿಜ ಹೇಳುವುದಕ್ಕಿಂತ ಅದರಲ್ಲೇ ಮರ್ಯಾದೆ ಹೆಚ್ಚಿತ್ತು!